ಉರಿಯದ ನೀರು

"ಕಣ್ಣಿಗೆ ಹೋದ್ರ ಉರೀತೈತೇನ್ರಿ?" ರೇಣುಕವ್ವ ಕೇಳಿದಳು.

ಗಾಜಿನ ಕಪಾಟಿನ ಮೇಲೆ ಮೂರು ಬಾಟಲಿಗಳು ನಿಂತಿದ್ದವು. ಮೂರರಲ್ಲೂ ಇದ್ದದ್ದು ನೋಡಲು ಬರೀ ನೀರು. ರಾಣೇಬೆನ್ನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮುಮ್ತಾಜಬಿ ಇಟ್ಟಿದ್ದ ಈ ಫ್ಯಾನ್ಸಿ ಅಂಗಡಿಗೆ ಬರುವವರು ಹೆಚ್ಚಾಗಿ ಕಾಲೇಜಿನ ಹುಡುಗಿಯರು, ಇಲ್ಲವೇ ಮದುವೆ ಮನೆಯವರು. ಇಳಕಲ್ ಸೀರೆಯ ಸೆರಗಿನೊಳಗೆ ಎರಡೂ ಕೈ ಮುಚ್ಚಿಕೊಂಡು ನಿಂತ, ಐವತ್ತೈದು ದಾಟಿದ ಹೆಂಗಸೊಬ್ಬಳು ಮೇಕಪ್ಪು ತೆಗೆಯುವ ನೀರು ಕೇಳಿಕೊಂಡು ಬಂದದ್ದು ಮುಮ್ತಾಜಬಿಗೆ ಹೊಸದು.

"ಯಾವ ಬಣ್ಣ ತಗೀಬೇಕಾಗೈತ್ರಿ ಅಕ್ಕಾರ? ಮದುವಿ ಮೇಕಪ್ಪೋ, ನಾಟಕದ್ದೋ?"

"ಹುಲಿ ಬಣ್ಣಾರಿ. ಸಾಲಿ ಗ್ಯಾದರಿಂಗಿನ್ಯಾಗ ನಮ್ಮ ಮೊಮ್ಮಗಳು ಹುಲಿ ಆಗಾಕತ್ತಾಳ. ಅದು ಮುಗದ ಅರ್ಧ ತಾಸಿಗೆ ಮತ್ತ ಗೊಂಬಿ ಡ್ಯಾನ್ಸ್ ಐತಿ. ಅಷ್ಟರಾಗ ಮಾರಿ ಸ್ವಚ್ಛ ಆಗಬೇಕು. ತಿಕ್ಕಬಾರದು. ಕಣ್ಣು ಉರೀಬಾರದು. ನಮ್ಮ ಜೋಡಿ ಕೆಲಸ ಮಾಡೋ ಶೇಖವ್ವನ ಮಗಳು ಪಾರ್ಲರದಾಗ ಅದಾಳ. ಆಕಿ ಹೇಳಿದ್ಲು, ಮೈಸೆಲ್ಲಾರ್ ನೀರು ಅಂತ ಕೇಳ್ರಿ ಅಂತ."

ಆ ಹೆಸರನ್ನು ಅವಳು ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳು.

ಮುಮ್ತಾಜಬಿ ಮೊದಲನೆಯ ಬಾಟಲಿ ಮುಂದೆ ಸರಿಸಿದಳು. "ಇದು ಘಮಘಮ ಅಂತೈತಿ. ದೊಡ್ಡ ಹುಡುಗ್ಯಾರಿಗೆ ಅಡ್ಡಿ ಇಲ್ಲ, ಸಣ್ಣ ಕೂಸಿಗೆ ಬ್ಯಾಡ. ಇನ್ನ ಇದು ನೋಡ್ರಿ, ಎರಡು ಪದರ ಐತಿ. ಮ್ಯಾಲ ಎಣ್ಣಿ, ಕೆಳಗ ನೀರು. ಅಳ್ಳಾಡಿಸಿ ಹಚ್ಚಬೇಕು. ಎಂಥಾ ಗಟ್ಟಿ ಕಾಡಗಿ ಇದ್ರೂ—"

"ಎಣ್ಣಿ ಬ್ಯಾಡ್ರಿ."

ಅಷ್ಟು ಖಡಕ್ಕಾಗಿ ಬಂದ ಮಾತಿಗೆ ಮುಮ್ತಾಜಬಿ ತಲೆ ಎತ್ತಿ ನೋಡಿದಳು. ಮುಂದೇನೂ ಕೇಳದೆ ಮೂರನೆಯದನ್ನು ತೋರಿಸಿದಳು. "ಹಂಗಾರ ಇದು. ಇದರಾಗ ವಾಸನಿ ಇಲ್ಲ, ಸ್ಪಿರಿಟ್ ಇಲ್ಲ, ಎಣ್ಣಿ ಇಲ್ಲ. ಹತ್ತಿಗೆ ಹಾಕಿ ಬಣ್ಣದ ಮ್ಯಾಲ ಒತ್ತಿ ಹಿಡೀರಿ. ಹತ್ತು ಎಣಸ್ರಿ. ಆಮ್ಯಾಲೆ ಮೆಲ್ಲಕ ಕೆಳಗ ಜಾರಸ್ರಿ. ಬಣ್ಣ ತಾನ ಹತ್ತಿಗೆ ಬರ್ತೈತಿ. ನೀರು ಹಚ್ಚಿ ತೊಳಿಯೋದೂ ಬ್ಯಾಡ."

"ಕಣ್ಣಿಗೆ ಹೋದ್ರ?"

"ಏನೂ ಆಗಂಗಿಲ್ರಿ."

"ಹಂಗಾರ ನನ್ನ ಕಣ್ಣಿಗೆ ಹಚ್ಚಿ ತೋರಸ್ರಿ."

ಮುಮ್ತಾಜಬಿ ನಕ್ಕಳು. ರೇಣುಕವ್ವ ನಗಲಿಲ್ಲ. ಹತ್ತಿ ತೆಗೆದುಕೊಳ್ಳಲು ಮುಂದೆ ಬಂದ ಅವಳ ಕೈಯನ್ನು ಮುಮ್ತಾಜಬಿ ಆಗ ನೋಡಿದಳು. ಉಗುರಿನ ಸಂದಿಗಳೆಲ್ಲ ಕಡುಗೆಂಪಾಗಿದ್ದವು. ಹೆಬ್ಬೆರಳಿನ ತುದಿಯ ಚರ್ಮ ಸುಲಿದು ನುಣ್ಣಗಾಗಿತ್ತು.

"ಬ್ಯಾಡಗಿ ಕಡೇವ್ರೇನು?"

"ಹೂನ್ರಿ. ಮೆಣಸಿನಕಾಯಿ ತೊಟ್ಟು ಬಿಡಸ್ತೇವಿ." ರೇಣುಕವ್ವ ಕೈಯನ್ನು ಮತ್ತೆ ಸೆರಗಿನೊಳಗೆ ಎಳೆದುಕೊಂಡಳು. "ನೀವ ಹಚ್ರಿ."

ಮುಮ್ತಾಜಬಿ ಕಪಾಟು ಬಳಸಿ ಬಂದು ಅವಳನ್ನು ಸ್ಟೂಲಿನ ಮೇಲೆ ಕೂರಿಸಿದಳು. ಹತ್ತಿಯನ್ನು ತೋಯಿಸಿ ಮುಚ್ಚಿದ ರೆಪ್ಪೆಯ ಮೇಲಿಟ್ಟು, ಹತ್ತು ಎಣಿಸಿ ತೆಗೆದಳು. ರೇಣುಕವ್ವ ಕಣ್ಣು ಬಿಟ್ಟಳು. ಮಿಟುಕಿಸಿದಳು. ತಂಪಲ್ಲದೆ ಮತ್ತೇನೂ ಇರಲಿಲ್ಲ. ಆದರೂ ನಂಬಿಕೆ ಬರದೆ ಇನ್ನೊಂದು ಕಣ್ಣನ್ನೂ ಮುಚ್ಚಿ ಮುಖ ಮುಂದೆ ಮಾಡಿದಳು.

ಬಾಟಲಿ ಕಟ್ಟಿಕೊಡುವಾಗ ಮುಮ್ತಾಜಬಿ ಕೂದಲಿಗೆ ಬಣ್ಣ ಹಚ್ಚಲು ಬಳಸುವ ತೆಳ್ಳನೆಯ ಕೈಗವಸು ಒಂದು ಜೊತೆ ಚೀಲದೊಳಗೆ ಹಾಕಿದಳು. "ಇರ್ಲಿ, ಒಯ್ರಿ. ಮತ್ತ ಹಿಂದಿನ ದಿನ ಕೂಸಿನ ಮೊಣಕೈ ಒಳಗಡೆ ಒಂದೀಟು ಹಚ್ಚಿ ನೋಡ್ರಿ, ಕೆಂಪಗ ಆದ್ರ ಬಿಟ್ಟಬಿಡ್ರಿ."

ಹೋದ ವರ್ಷದ ಗ್ಯಾದರಿಂಗಿನಲ್ಲಿ ಮೊಮ್ಮಗಳು ಅಂಜಲಿ ರಾಧೆಯಾಗಿದ್ದಳು. ಆಗ ಅವಳಿಗೆ ಆರು ವರ್ಷ. ಮನೆಗೆ ಬಂದ ಮೇಲೆ ಕಣ್ಣಿನ ಸುತ್ತ ಬಳಿದಿದ್ದ ಕಾಡಿಗೆ ನೀರಿಗೆ ಹೋಗದೆ ಇದ್ದಾಗ, ರೇಣುಕವ್ವನೇ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಆ ದಿನವೂ ಮಧ್ಯಾಹ್ನದ ತನಕ ಗೋದಾಮಿನಲ್ಲಿ ಕೂತು ಕಾಯಿ ಬಿಡಿಸಿ ಬಂದಿದ್ದಳು. ಹುಣಸೆ ಹಚ್ಚಿ, ಮಜ್ಜಿಗೆ ಹಚ್ಚಿ ಎರಡು ಸಲ ಕೈ ತೊಳೆದುಕೊಂಡಿದ್ದಳು. ಮೂವತ್ತು ವರ್ಷ ಅದೇ ಕೆಲಸ ಮಾಡಿದ ಕೈಗೆ ತನ್ನ ಉರಿ ತನಗೇ ತಿಳಿಯುತ್ತಿರಲಿಲ್ಲ. ಕೊಬ್ಬರಿ ಎಣ್ಣೆ ಸುರಿದುಕೊಂಡು ರೆಪ್ಪೆಯ ಮೇಲೆ ಬೆರಳಾಡಿಸಿದಳು. ಎಣ್ಣೆಯ ಜೊತೆ ಖಾರವೂ ಇಳಿಯಿತು.

ಮಗು ಕಿರುಚಿದ್ದು ಓಣಿಗೆಲ್ಲ ಕೇಳಿಸಿತ್ತು. ದವಾಖಾನೆಯಲ್ಲಿ ಕೈಗವಸು ಹಾಕಿದ ಇಬ್ಬರು ಹಿಡಿದುಕೊಂಡು ಕಣ್ಣು ತೊಳೆಯಬೇಕಾಯಿತು. ಎರಡು ದಿನ ಅಂಜಲಿ ಕಣ್ಣು ಬಿಡಲಿಲ್ಲ. ಮೂರನೆಯ ದಿನ ಬಿಟ್ಟಳು. ದೃಷ್ಟಿಗೆ ಏನೂ ಆಗಿರಲಿಲ್ಲ.

ಸೊಸೆ ದ್ರಾಕ್ಷಾಯಿಣಿ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ರೇಣುಕವ್ವ ಅತ್ತು ಹಗುರಾಗುತ್ತಿದ್ದಳು. ಅಂದಿನಿಂದ ಮಗುವಿಗೆ ತಲೆ ಬಾಚಲು ಹೋದರೆ, ಊಟ ಕಲಸಲು ಹೋದರೆ, "ಬಿಡ್ರಿ ಅತ್ತಿ, ನಾ ಮಾಡ್ತೇನಿ" ಎನ್ನುವುದಷ್ಟೇ ದ್ರಾಕ್ಷಾಯಿಣಿಯ ಮಾತು. ಹಾವೇರಿಯ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ದಣಿದು ಬಂದರೂ ತಾನೇ ಮಾಡುತ್ತಿದ್ದಳು. ಮಗ ದುರುಗೇಶ ಲಾರಿ ಹತ್ತಿದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಮನೆಯಲ್ಲಿ ನಡುವೆ ನಿಂತು ಮಾತಾಡುವವರು ಯಾರೂ ಇರಲಿಲ್ಲ. ಅಂಜಲಿಯಂತೂ ತಾನು ಆಯಿ ಎಂದು ಕರೆಯುವ ಅಜ್ಜಿಯ ಕೈ ಹತ್ತಿರ ಬಂದರೆ ಕುತ್ತಿಗೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಬೇಕೆಂದು ಮಾಡುತ್ತಿದ್ದದ್ದಲ್ಲ. ಟಿವಿ ನೋಡುತ್ತ, ನಗುತ್ತ ಇರುವಾಗಲೂ ಕುತ್ತಿಗೆ ತಾನಾಗಿ ಹಿಂದೆ ಹೋಗುತ್ತಿತ್ತು.

ಈ ಸಲ ಗ್ಯಾದರಿಂಗಿಗೆ ಐದು ದಿನ ಇರುವಾಗಲೇ ರೇಣುಕವ್ವ ಕೆಲಸಕ್ಕೆ ಹೋಗುವುದನ್ನು ನಿಲ್ಲಿಸಿದಳು. ಸುಗ್ಗಿಯ ದಿನಗಳು, ಗೋದಾಮಿನ ಅಂಗಳದಲ್ಲಿ ಕಾಯಿ ಗುಡ್ಡೆಯಾಗಿ ಬಿದ್ದಿದ್ದವು. ಶೇಖವ್ವ ಬಾಗಿಲಿಗೆ ಬಂದು, "ಗ್ಯಾದರಿಂಗ್ ಕೂಸಿಂದೋ ನಿಂದೋ?" ಎಂದು ನಕ್ಕು ಹೋದಳು. ರೇಣುಕವ್ವ ಪ್ರತಿದಿನ ಬೆಳಿಗ್ಗೆ ಎದ್ದು ಬಚ್ಚಲಲ್ಲಿ ಒಬ್ಬಳೇ ನಿಂತು, ಬಲಗೈಯ ತೋರುಬೆರಳನ್ನು ತನ್ನ ಕಣ್ಣಿನ ಒಳಗಿನ ಅಂಚಿಗೆ ಮುಟ್ಟಿಸಿ ನೋಡುತ್ತಿದ್ದಳು. ಮೊದಲನೆಯ ದಿನ ದಳದಳ ನೀರು ಸುರಿಯಿತು. ಎರಡನೆಯ ದಿನ ಚುರುಗುಟ್ಟಿತು. ಮೂರನೆಯ ದಿನ ಇದೆಯೋ ಇಲ್ಲವೋ ಎನ್ನುವಷ್ಟು. ನಾಲ್ಕು, ಐದನೆಯ ದಿನ ಏನೂ ಇಲ್ಲ.

ಬಾಟಲಿಯನ್ನು ಅವಳು ಸೊಸೆಯ ಕೈಗೇ ಕೊಟ್ಟಿದ್ದಳು. ದ್ರಾಕ್ಷಾಯಿಣಿ ಅದರ ಮೇಲಿನ ಅಕ್ಷರಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಓದಿದಳು. ಮಗಳ ಮೊಣಕೈಗೆ ಹಚ್ಚಿ ನೋಡಿದಳು. "ಛಲೋ ಐತಿ," ಎಂದಳು. "ಮೂರು ಗಂಟೆಕ್ಕ ನಾ ಸಾಲಿಗೆ ಬಂದಬಿಡ್ತೇನಿ. ನಾನ ತಗೀತೇನಿ. ನೀವು ಚೀಲ ಹಿಡಕೊಂಡು ಕುಂತಿರ್ರಿ ಸಾಕು."

"ಆತವಾ," ಎಂದಳು ರೇಣುಕವ್ವ.

ಹುಲಿ ಕುಣಿತ ಮೂರಕ್ಕೆ ಐದು ನಿಮಿಷ ಇರುವಾಗ ಮುಗಿಯಿತು. ದ್ರಾಕ್ಷಾಯಿಣಿ ಬಂದಿರಲಿಲ್ಲ. ವೇದಿಕೆಯ ಹಿಂದಿನ ಎರಡನೆಯ ಇಯತ್ತೆಯ ಕೋಣೆಯಲ್ಲಿ ರೇಣುಕವ್ವ ಚೀಲ ತಬ್ಬಿಕೊಂಡು ಕೂತಿದ್ದಾಗ ಫೋನು ಬಂತು.

"ಅತ್ತಿ, ಮೋಟೆಬೆನ್ನೂರ ಹತ್ರ ಬಸ್ಸು ನಿಂತಬಿಟ್ಟೈತ್ರಿ. ಮುಂದ ಲಾರಿ ಅಡ್ಡ ಬಿದ್ದೈತಂತ. ಟೀಚರಿಗೆ ತಗೀಲಿಕ್ಕ ಹೇಳ್ರಿ... ನೀವು—" ಮಾತು ಅಲ್ಲಿಗೆ ನಿಂತಿತು. "ಟೀಚರಿಗೆ ಹೇಳ್ರಿ."

ಸುರೇಖಾ ಟೀಚರಿಗೆ ಹೇಳುವ ಹಾಗಿರಲಿಲ್ಲ. ಎಂಟು ಹುಲಿಗಳನ್ನು ಅವರು ಒಂದೇ ಬಕೆಟ್ಟಿನ ಮುಂದೆ ನಿಲ್ಲಿಸಿಕೊಂಡು ಸೋಪು ಹಚ್ಚಿ ತಿಕ್ಕುತ್ತಿದ್ದರು. ಒಂದು ಹುಲಿ ಆಗಲೇ ಅಳುತ್ತಿತ್ತು. "ಅಜ್ಜಿ, ಲಗೂನ ಕರಕೊಂಡ ಬರ್ರಿ ಆಕೀನ. ಇಪ್ಪತ್ತು ನಿಮಿಷಕ್ಕ ಗೊಂಬಿಗೋಳು ಲೈನ್ ಹಚ್ಚಬೇಕು," ಎಂದು ಅಲ್ಲಿಂದಲೇ ಕೂಗಿದರು.

ಅಂಜಲಿ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಹಳದಿ ಮುಖ, ಕಪ್ಪು ಪಟ್ಟೆ, ಬಿಳಿಯ ಮೀಸೆ. ಎರಡೂ ಅಂಗೈಗಳಿಂದ ಕಣ್ಣು ಮುಚ್ಚಿಕೊಂಡಿದ್ದಳು. "ನಾ ಗೊಂಬಿ ಆಗಂಗಿಲ್ಲ. ನಾ ಹುಲೀನ ಇರ್ತೇನಿ."

ರೇಣುಕವ್ವ ಚೀಲದಿಂದ ಕೈಗವಸು ತೆಗೆದು ಹಾಕಿಕೊಳ್ಳತೊಡಗಿದಳು. ಬೆರಳ ಸಂದಿಯಿಂದ ಅದನ್ನು ನೋಡಿದ ಮಗು ಗೋಡೆಗೆ ಇನ್ನಷ್ಟು ಒತ್ತಿಕೊಂಡಿತು. "ದವಾಖಾನಿ ಬ್ಯಾಡ ಆಯಿ, ದವಾಖಾನಿ ಬ್ಯಾಡ."

ಅವಳು ಕೈಗವಸು ಕಿತ್ತು ಚೀಲದೊಳಗೆ ಒಗೆದಳು. ಮಗುವಿನಿಂದ ಎರಡು ಮಾರು ದೂರದಲ್ಲಿ ನೆಲದ ಮೇಲೆ ಕೂತಳು.

"ಅಂಜೂ, ಇಲ್ಲಿ ನೋಡು. ಬರಬ್ಯಾಡ, ಅಲ್ಲಿಂದನ ನೋಡು."

ಬಲಗೈಯ ಬೆರಳನ್ನು ತನ್ನ ಕಣ್ಣಿಗೆ ಒತ್ತಿ ಉಜ್ಜಿದಳು. ಕೈ ಇಳಿಸಿ, ಆ ಕಣ್ಣನ್ನು ಅಗಲವಾಗಿ ತೆರೆದು ಕೂತಳು. ಮಗು ಕಾಯಿತು. ನೀರು ಬರುತ್ತದೆಯೋ ಎಂದು ಒಂದು ಹೆಜ್ಜೆ ಮುಂದೆ ಬಂದು ನೋಡಿತು.

"ಇನ್ನೊಂದು ಕಣ್ಣು," ಎಂದಿತು.

ರೇಣುಕವ್ವ ಇನ್ನೊಂದನ್ನೂ ಉಜ್ಜಿದಳು. ಅಂಜಲಿ ಹತ್ತಿರ ಬಂದು ಬಗ್ಗಿ, ಆಯಿಯ ಕಣ್ಣೊಳಗೆ ಇಣುಕಿದಳು. ಕೈಯನ್ನು ಮೂಸಿದಳು. ಆದರೂ ಮುಖ ಒಡ್ಡಲಿಲ್ಲ.

"ನಾನ ತಗೀತೇನಿ. ನೀ ಬರೇ ಹೇಳು."

"ಆತು. ನೀನ ತಗಿ."

ರೇಣುಕವ್ವ ಹತ್ತಿ ತೋಯಿಸಿ, ಅದರ ಒಂದು ಅಂಚನ್ನಷ್ಟೇ ಹಿಡಿದು ಕೊಟ್ಟಳು. ಇನ್ನೊಂದು ಕೈಯಲ್ಲಿ ಕನ್ನಡಿ ಹಿಡಿದಳು. ಅಂಗಡಿಯಲ್ಲಿ ಕೇಳಿಸಿಕೊಂಡದ್ದನ್ನು ಒಂದೊಂದಾಗಿ ಹೇಳಿದಳು. "ತಿಕ್ಕಬ್ಯಾಡ. ಒತ್ತಿ ಹಿಡಿ. ಹತ್ತು ಎಣಸು. ಈಗ ಮೆಲ್ಲಕ ಕೆಳಗ ತಗೊಂಡ ಬಾ." ಹತ್ತಿ ಜಾರಿದ ದಾರಿಯಲ್ಲಿ ಮಗುವಿನ ಕೆನ್ನೆ ಕಂಡಿತು. ಅಂಜಲಿ ಹತ್ತಿಯನ್ನು ತಿರುಗಿಸಿ ನೋಡಿ, "ಆಯೀ, ಹುಲಿ ಇದಕ್ಕ ಬಂತು!" ಎಂದು ನಕ್ಕಳು. ಗಲ್ಲ, ಮೂಗು, ಹಣೆ. ಹತ್ತಿಯ ಹಳದಿ ತುಂಡುಗಳು ನೆಲದ ಮೇಲೆ ರಾಶಿಯಾದವು. ಬಕೆಟ್ಟಿನ ಕಡೆಯ ಹುಲಿಗಳಿಗಿಂತ ಇಲ್ಲಿಯ ಕೆಲಸ ಬೇಗ ಸಾಗಿತ್ತು.

ಕಣ್ಣಿನ ಹತ್ತಿರ ಬಂದಾಗ ಮಗುವಿನ ಕೈ ನಿಂತಿತು. ರೆಪ್ಪೆಗಳ ಮೇಲೆ ಕಪ್ಪು ದಪ್ಪವಾಗಿತ್ತು. ಕಣ್ಣು ಮುಚ್ಚಿದರೆ ಕನ್ನಡಿ ಕಾಣದು, ತೆರೆದರೆ ರೆಪ್ಪೆ ಸಿಗದು. ಎರಡು ಸಲ ಹತ್ತಿಯನ್ನು ಹತ್ತಿರ ಒಯ್ದು ಇಳಿಸಿದಳು.

"ಗೊಂಬಿಗೋಳು ಎಲ್ಲಾ ಬರ್ರಿ!" ಹೊರಗಿನಿಂದ ಸುರೇಖಾ ಟೀಚರ ದನಿ.

ರೇಣುಕವ್ವ ಕೊಡು ಎಂದು ಕೈ ಚಾಚಲಿಲ್ಲ. ಅಂಜಲಿ ಬಾಗಿಲ ಕಡೆ ನೋಡಿದಳು, ಆಯಿಯ ಕಡೆ ನೋಡಿದಳು. ಆಮೇಲೆ ಹತ್ತಿಯನ್ನು ಆಯಿಯ ತೊಡೆಯ ಮೇಲಿಟ್ಟು, ಕಣ್ಣು ಗಟ್ಟಿಯಾಗಿ ಮುಚ್ಚಿ, ಗದ್ದ ಮೇಲಕ್ಕೆತ್ತಿ ನಿಂತುಬಿಟ್ಟಳು.

ರೇಣುಕವ್ವ ಹೊಸ ಹತ್ತಿ ತೋಯಿಸಿದಳು. ಕೈ ಅಲುಗದಿರಲೆಂದು ಮೊಣಕೈಯನ್ನು ಮೊಣಕಾಲಿಗೆ ಊರಿಕೊಂಡಳು. ಹತ್ತಿಯನ್ನು ರೆಪ್ಪೆಯ ಮೇಲೆ ಇಟ್ಟಳೇ ಹೊರತು ಒತ್ತಲಿಲ್ಲ. ಅದು ತನ್ನ ತೂಕಕ್ಕೆ ತಾನೇ ಕೂತುಕೊಂಡಿತು. ಹತ್ತಿಯ ಕೆಳಗೆ ಮಗುವಿನ ಕಣ್ಣುಗುಡ್ಡೆ ಅತ್ತಿತ್ತ ಓಡಾಡುವುದು ಬೆರಳಿಗೆ ತಿಳಿಯುತ್ತಿತ್ತು.

"ಒಂದು," ಎಂದಳು.

"ಎರಡು," ಎಂದಳು ಅಂಜಲಿ, ಹಲ್ಲು ಕಚ್ಚಿಕೊಂಡೇ.

ಹತ್ತು ಆಗುವಷ್ಟರಲ್ಲಿ ಕಣ್ಣುಗುಡ್ಡೆಯ ಓಟ ನಿಂತಿತ್ತು.

ದ್ರಾಕ್ಷಾಯಿಣಿ ಓಡುತ್ತ ಶಾಮಿಯಾನದೊಳಗೆ ಬಂದಾಗ ಗೊಂಬೆಗಳು ಕುಣಿಯುತ್ತಿದ್ದವು. ಕೂರಲು ಜಾಗ ಹುಡುಕದೆ ಅಲ್ಲೇ ಕಂಬ ಹಿಡಿದು ನಿಂತು ಮಗಳನ್ನು ನೋಡಿದಳು. ಬೇರೆ ಗೊಂಬೆಗಳ ಮುಖಗಳು ಕೆಂಪಾಗಿ ಊದಿಕೊಂಡಂತಿದ್ದವು. ಅಂಜಲಿಯದು ಬೆಳಿಗ್ಗೆ ಮನೆಯಿಂದ ಹೊರಟಾಗ ಇದ್ದ ಹಾಗೆಯೇ ಇತ್ತು. ಕುಣಿತ ಮುಗಿದು ಮಗು ಇಳಿದು ಬಂದ ಕೂಡಲೇ, ಬಿಸಿಲಿಗೆ ಕರೆದುಕೊಂಡು ಹೋಗಿ ಗದ್ದ ಎತ್ತಿ, ಎರಡೂ ಕಣ್ಣುಗಳ ಕೆಳರೆಪ್ಪೆ ಎಳೆದು ನೋಡಿದಳು.

"ಯಾರು ತಗದ್ರು?"

"ನಾನ!" ಎಂದಳು ಅಂಜಲಿ. ಆಮೇಲೆ ಯೋಚಿಸಿ, "ಕಣ್ಣು ಅಷ್ಟ ಆಯಿ," ಎಂದಳು.

ದ್ರಾಕ್ಷಾಯಿಣಿ ಅತ್ತೆಯ ಕಡೆ ತಿರುಗಿದಳು. ರೇಣುಕವ್ವ ಹತ್ತಿಯ ತುಂಡುಗಳನ್ನು ಕಾಗದದಲ್ಲಿ ಕಟ್ಟಿ ಹಿಡಿದುಕೊಂಡಿದ್ದಳು. "ಟೀಚರಿಗೆ ಪುರಸೊತ್ತ ಇರಲಿಲ್ಲವಾ," ಎಂದಳು, ತಪ್ಪು ಒಪ್ಪಿಕೊಳ್ಳುವವಳ ದನಿಯಲ್ಲಿ. ದ್ರಾಕ್ಷಾಯಿಣಿ ಚೀಲವನ್ನು ತಾನು ತೆಗೆದುಕೊಂಡು ಹೆಗಲಿಗೆ ಹಾಕಿದಳು.

ಮೂವರೂ ನಡೆದುಕೊಂಡು ಹೊರಟರು. ಶಾಲೆಯ ತಿರುವಿನಲ್ಲಿ ಮಂಡಕ್ಕಿ ಕಲಸಿ ಕೊಡುವ ಗಿರ್ಮಿಟ್ ಗಾಡಿ ಕಂಡು ಅಂಜಲಿ ನಿಂತುಬಿಟ್ಟಳು. ಕಟ್ಟೆಯೊಂದರ ಮೇಲೆ ನಡುವೆ ಮಗುವನ್ನು ಕೂರಿಸಿಕೊಂಡು ಇಬ್ಬರೂ ಕೂತರು. ಅಂಜಲಿ ಕಾಗದದ ಪೊಟ್ಟಣದೊಳಗೆ ಮೂಗು ತೂರಿಸಿಕೊಂಡು ತಿನ್ನುತ್ತಿದ್ದಳು. ಹೊತ್ತು ಇಳಿಯುತ್ತಿತ್ತು. ಓರೆಯಾಗಿ ಬಿದ್ದ ಬಿಸಿಲಿನಲ್ಲಿ ದ್ರಾಕ್ಷಾಯಿಣಿಗೆ ಮಗಳ ಕಿವಿಯ ಮಡಿಕೆಯೊಳಗೆ ಹಳದಿಯ ಸಣ್ಣ ಗೆರೆ ಕಂಡಿತು.

ಚೀಲದಿಂದ ಬಾಟಲಿ ತೆಗೆದಳು. ಹತ್ತಿ ತೋಯಿಸಿದಳು. ಕೈಯನ್ನು ಮಗಳ ಕಿವಿಯ ತನಕ ಒಯ್ದವಳು ಅಲ್ಲೇ ತಡೆದಳು. ಆಮೇಲೆ ಮಗುವಿನ ತಲೆಯ ಮೇಲಿಂದ ಆ ಹತ್ತಿಯನ್ನು ಅತ್ತೆಯ ಕಡೆ ಚಾಚಿದಳು.

"ಇಲ್ಲೊಂದೀಟು ಉಳದೈತಿ ನೋಡ್ರಿ, ಅತ್ತಿ."

ರೇಣುಕವ್ವ ಹತ್ತಿ ತೆಗೆದುಕೊಂಡಳು. ಅಂಜಲಿ ಅಗಿಯುವುದನ್ನು ನಿಲ್ಲಿಸಿ, ಬಾಯಿ ತುಂಬ ಮಂಡಕ್ಕಿ ಇಟ್ಟುಕೊಂಡು, ಅಲುಗಾಡದೆ ಕೂತಳು.