ಸಾಹೇಬರಿಗೆ ಕಾಣದ ಗೊರವ

ಹಕ್ಕಿಯೇ ಇಲ್ಲ ಎಂದು ಬರೆಯಲು ಉಪೇಂದ್ರ ಸಾಹೇಬರು ಪೆನ್ನು ತೆಗೆದದ್ದೇ ತಡ, ಮುನಿಶಾಮಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಹೆಸರಘಟ್ಟ ಕೆರೆಯ ನೀರು ಬೇಸಿಗೆಗೆ ಹಿಂದೆ ಸರಿದು, ಕಲ್ಲುದಂಡೆ ಉದ್ದಕ್ಕೂ ಬಿಸಿಲಿಗೆ ಬಿದ್ದುಕೊಂಡಿತ್ತು. ಅದರ ಮೇಲೆ ಭಾನುವಾರ ಜೀಪ್ ರೇಸ್ ನಡೆಸಬೇಕೆಂದು ಯಾರೋ ಅರ್ಜಿ ಹಾಕಿದ್ದರು. ಅಲ್ಲಿ ಹಕ್ಕಿಗೂಡು ಇದೆಯೋ ಇಲ್ಲವೋ ನೋಡಿ ವರದಿ ಕೊಡುವುದು ಸಾಹೇಬರ ಕೆಲಸ. ಕೊರಳಲ್ಲಿ ದುರ್ಬೀನು ನೇತುಹಾಕಿಕೊಂಡು ನೀರಿನಂಚಿನವರೆಗೆ ದಾಪುಗಾಲು ಹಾಕಿ ಹೋದರು, ಬಂದರು. ಹತ್ತು ನಿಮಿಷದಲ್ಲಿ ಸರ್ಕಾರಿ ಕೆಲಸ ಮುಗಿದಿತ್ತು.

ಹೋದ ವರ್ಷ ಇದೇ ದಂಡೆಯಲ್ಲಿ ಜೀಪುಗಳು ಓಡಿದಾಗ ಮುನಿಶಾಮಮ್ಮ ಬಾಯಿ ಬಿಟ್ಟಿರಲಿಲ್ಲ. ದೊಡ್ಡವರ ವಿಷಯ, ಹಸು ಮೇಯಿಸುವವಳಿಗೇಕೆ ಎಂದುಕೊಂಡಿದ್ದಳು. ಆಮೇಲೆ, ಕಲ್ಲುಗಳ ನಡುವೆ ನೆಲದಲ್ಲೇ ಮೊಟ್ಟೆಯಿಡುವ ಒಂದು ಪುಟ್ಟ ಗೊರವ ಹಕ್ಕಿ ಚಕ್ರದ ಗುರುತಿನ ಪಕ್ಕದಲ್ಲೇ ಮೂರು ದಿನ ಕೂಗುತ್ತ ಓಡಾಡಿತು. ಅಂದು ತನ್ನ ಮೇಲೆಯೇ ಬಂದ ಸಿಟ್ಟು ಅವಳಿಗೆ ಇನ್ನೂ ಆರಿರಲಿಲ್ಲ.

"ಗೊರವ ಅವೆ ಸಾರ್. ಮೊಟ್ಟೆ ಇಕ್ಕಿ ಕಾವಿಗೆ ಕೂತವೆ."

ಸಾಹೇಬರು ನಕ್ಕರು. ಇಷ್ಟು ದೊಡ್ಡ ದುರ್ಬೀನಿಗೆ ಕಾಣದ್ದು ಬರಿಗಣ್ಣಿಗೆ ಹೇಗೆ ಕಾಣುತ್ತದೆ ಎಂದು ಕೇಳಿದರು. ರೇಸಿನವರ ಕಡೆಯ ವಿಜಯ್ ಕುಮಾರ್ ಕೆರೆ ಏರಿಯ ಮೇಲೆ ಜೀಪಿನಲ್ಲೇ ಕೂತು, ಅಜ್ಜಿಯ ತಲೆಗೆ ಬಿಸಿಲು ಹೊಡೆದಿದೆ ಎಂದು ಹಂಗಿಸಿದ.

ಅವಳು ಜಗ್ಗಲಿಲ್ಲ. ಸಾಹೇಬರು ಮಾಡಿದ ತಪ್ಪು ಅವಳಿಗೆ ಗೊತ್ತಿತ್ತು. ಮನುಷ್ಯ ನೆಟ್ಟಗೆ ನಡೆದು ಬಂದರೆ ಗೊರವ ದೂರದಿಂದಲೇ ನೋಡಿ, ಸದ್ದಿಲ್ಲದೆ ಗೂಡು ಬಿಟ್ಟು ನಾಲ್ಕು ಮಾರು ಓಡಿ ನಿಂತುಬಿಡುತ್ತದೆ. ನಿಂತರೆ ಮುಗಿಯಿತು, ಅದೂ ಒಂದು ಕಲ್ಲು. ಮೊಟ್ಟೆಯೂ ಕಲ್ಲಿನ ಬಣ್ಣವೇ. ಹಸುವಿಗಾದರೆ ಅದು ಹೆದರುವುದಿಲ್ಲ, ಗೊರಸು ತೀರಾ ಹತ್ತಿರ ಬರುವ ತನಕ ಕದಲುವುದಿಲ್ಲ. ಹದಿನೈದು ಬೇಸಿಗೆ ಹಸುವಿನ ಪಕ್ಕದಲ್ಲಿ ನಡೆದು ಅವಳು ಇದನ್ನು ಕಲಿತಿದ್ದಳು.

ಐದು ನಿಮಿಷ ತನ್ನ ಜೊತೆ ನಡೆಯಿರಿ, ಆಮೇಲೆ ಏನು ಬೇಕಾದರೂ ಬರೆದುಕೊಳ್ಳಿ ಎಂದಳು. ಬೇಡವೆಂದರೆ ಅಂಜಿದ ಹಾಗಾಗುತ್ತದಲ್ಲ, ಸಾಹೇಬರು ಒಪ್ಪಿದರು. ಪಕ್ಕದಲ್ಲಿ ಮೇಯುತ್ತಿದ್ದ ಸೀಮೆಹಸುವಿನ ಹಗ್ಗ ಹಿಡಿದು ಅವಳು ನಡೆದಳು. ಇಸ್ತ್ರಿ ಪ್ಯಾಂಟಿನ ಸಾಹೇಬರು ಹಸುವಿನ ಪಕ್ಕೆಗೆ ಅಂಟಿಕೊಂಡು ಬಗ್ಗಿ ಹೆಜ್ಜೆ ಹಾಕಿದರು. ಬಾಲದೇಟು ಎರಡು ಸಲ ಮುಖಕ್ಕೇ ಬಿತ್ತು.

ಒಂದು ಕಡೆ ಮುನಿಶಾಮಮ್ಮ ಹಸುವನ್ನು ನಿಲ್ಲಿಸಿ, ಮುಂದೆ ಎರಡು ಮಾರಿನಾಚೆ ಬೆರಳು ತೋರಿಸಿದಳು. ಸಾಹೇಬರಿಗೆ ಕಂಡದ್ದು ಬರೀ ಕಲ್ಲು. ಸ್ವಲ್ಪ ಹೊತ್ತಿಗೆ ಅದರಲ್ಲೊಂದು ಕಲ್ಲು ಕಣ್ಣು ಮಿಟುಕಿಸಿತು. ಕಣ್ಣಿನ ಸುತ್ತ ಹಳದಿ ಬಳೆ, ಕೊರಳಿಗೆ ಕಪ್ಪು ಪಟ್ಟಿ. ಅದು ಎದ್ದು ಓಡಿದ ಜಾಗದಲ್ಲಿ ನಾಲ್ಕು ಮೊಟ್ಟೆಗಳಿದ್ದವು. ಒಂದು ಗೇಣು ಆಚೆ ಮಣ್ಣಿನಲ್ಲಿ ಸಾಹೇಬರದೇ ಬೂಟಿನ ಗುರುತು ಹೊಸದಾಗಿ ಮೂಡಿತ್ತು.

ಸಾಹೇಬರು ಕಾಲನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡರು. ಆದರೂ ಹುದ್ದೆಯ ಗತ್ತು ಎಲ್ಲಿಗೆ ಹೋದೀತು? "ಮಿಕ್ಕಿದ್ದು ಎಲ್ಲೆಲ್ಲಿದೆ ತೋರಿಸಮ್ಮ. ಒಂದೊಂದಕ್ಕೂ ಬಾವುಟ ನೆಡಿಸ್ತೀನಿ, ಜೀಪು ಬಳಸ್ಕೊಂಡು ಹೋಗುತ್ತೆ," ಎಂದರು.

ಬಾವುಟ ಕಂಡರೆ ಮೊದಲು ಬರುವುದು ನಾಯಿ, ಆಮೇಲೆ ಫೋಟೋ ತೆಗೆಯುವ ಜನ ಎಂಬುದು ಮುನಿಶಾಮಮ್ಮನಿಗೆ ಗೊತ್ತಿತ್ತು.

"ಒಂದ್ ತೋರ್ಸಿದ್ದೀನಿ ಸಾರ್. ಮಿಕ್ಕಿದ್ದು ತೋರ್ಸಾಕಿಲ್ಲ."

ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡುತ್ತಿದ್ದಾಳೆಂದು ಸ್ಟೇಷನ್ನಿಗೆ ಬರೆಯುತ್ತೇನೆ ಎಂದು ಸಾಹೇಬರು ಗದರಿದರು. ಬರೆಯಿರಿ, ನಾನೆಲ್ಲಿಗೂ ಓಡಿಹೋಗುವುದಿಲ್ಲ ಎಂದು ಅವಳು ಸೆರಗು ಬಿಗಿದು ನಿಂತಳು. ಈ ಸಲ ಬಾಯಿ ಮುಚ್ಚಿಕೊಳ್ಳುವವಳಲ್ಲ ಅವಳು.

ಕಾದು ಸಾಕಾದ ವಿಜಯ್ ಕುಮಾರ್, ಸಾಹೇಬರನ್ನು ತಾನೇ ಕರೆದುಕೊಂಡು ಹೋಗೋಣ ಎಂದು ಜೀಪು ಸ್ಟಾರ್ಟ್ ಮಾಡಿದ. ಮುಂದಿನ ಚಕ್ರ ಏರಿಯಿಂದ ಕೆಳಕ್ಕೆ ತಿರುಗಿತು. ಸಾಹೇಬರು ಜೀಪಿನಿಂದ ತಮ್ಮ ಕಾಲಿನವರೆಗೆ ಹಾಸಿಕೊಂಡಿದ್ದ ಕಲ್ಲುಗಳನ್ನು ನೋಡಿದರು. ಅದರಲ್ಲಿ ಯಾವುದು ಕಲ್ಲು, ಯಾವುದು ಅಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ಎರಡೂ ಕೈ ಮೇಲೆತ್ತಿ ಕೂಗಿದರು.

"ಇಳಿಸ್ಬೇಡ ಕಣಯ್ಯಾ! ಗಾಡಿ ದಂಡೆಗೆ ಇಳಿಸ್ಲೇಬೇಡ!"

ಜೀಪು ಗಕ್ಕನೆ ನಿಂತಿತು. ಮುನಿಶಾಮಮ್ಮ ಸಾಹೇಬರ ಕೈಯಲ್ಲಿದ್ದ ಕಾಗದದ ಕಡೆ ಗದ್ದ ತೋರಿಸಿದಳು.

"ಈಗ ಅಂದ್ರಲ್ಲ ಸಾರ್, ಅದ್ನೇ ಬರೀರಿ."