ಗೋಮ್ಲಿಯ ಘುಗರಿ

"ಏ ಬೋಸುಡಿ, ಬರೇ ತಲೀಲೆ ಬಂದೀಯಲ್ಲ! ಘುಗರಿ ಎಲ್ಲದ?"

ಗುತ್ತೇದಾರ ಹಣಮಂತರಾಯ ಕೂಗಿದ್ದು ಗೋಮ್ಲಿಬಾಯಿಗೆ. ಶಹಾಬಾದಿನ ಫರಸಿ ಖಣಿಯಲ್ಲಿ ನಾವು ತಾಂಡಾದ ಹೆಂಗಸರು ಕಲ್ಲು ಹೊರುತ್ತಿದ್ದೆವು. ಮರುದಿನ ಬೆಂಗಳೂರಿನ ಸಾಹೇಬರು ಬಂದು ಲಂಬಾಣಿಗಳ ಕಸೂತಿಯ ಫೋಟೋ ತೆಗೆಯುವವರಿದ್ದರು. ವರ್ಷವಿಡೀ "ಆ ಕನ್ನಡಿ ಅರಿವಿ ಬಿಟ್ಟು ಸೀರಿ ಉಟ್ಗೊಂಡು ಬರ್ರಿ, ಕೆಲಸ ತಡ ಆಗ್ತದ" ಎಂದು ಬೈಯುತ್ತಿದ್ದವನಿಗೆ ಈಗ ನಮ್ಮ ಕನ್ನಡಿಗಳ ಮೇಲೆ ಎಲ್ಲಿಲ್ಲದ ಪ್ರೀತಿ.

"ಗಂಡ ಸತ್ತಾನ್ರಿ ಸಾವ್ಕಾರ. ಹೆಂಗ ಹಾಕ್ಕೊಳ್ಳಲಿ?"

"ಯಾರಂದ್ರು ಸತ್ತಾನಂತ? ಬೊಂಬಾಯಿಗಿ ಓಡಿ ಹೋಗ್ಯಾನ ಬದ್ಮಾಶ. ಸತ್ತಿದ್ರ ಹೆಣ ತೋರ್ಸು! ನಾಳಿ ಘುಗರಿ ಹಾಕ್ಕೊಂಡು ಬರಲಿಲ್ಲಂದ್ರ ನಿಮ್ಮ ತಾಂಡಾದ ಒಬ್ಬಾಕಿಗೂ ಕೆಲಸ ಇಲ್ಲ."

ಹೆಣ ಅವನ ಖಣಿಯಲ್ಲೇ ಇತ್ತು. ಹೋಳಿ ಮುಗಿದ ಮೂರನೆಯ ದಿನ ಪಡುವಣ ಗೋಡೆ ಕುಸಿದಾಗ ಅವಳ ಗಂಡ ಥಾವರು ಕೆಳಗಿದ್ದ. ನಾವೆಲ್ಲ ಕಣ್ಣಾರೆ ನೋಡಿದ್ದೇವೆ. ಹಣಮಂತರಾಯ ಫೌಜದಾರನಿಗೆ ಊಟ ಹಾಕಿಸಿ ಕಳಿಸಿದ, ಆ ಮೂಲೆಗೆ ಇನ್ನಷ್ಟು ಕಲ್ಲು ಸುರಿಸಿದ. ಸುರಿದವರು ನಾವೇ. ನಾನೊಬ್ಬಳೇ ಏಳು ಪುಟ್ಟಿ ಸುರಿದೆ. ಹೇಳಲು ನಾಚಿಕೆಯಾಗುತ್ತದೆ.

ಘುಗರಿ ಎಂದರೆ ಕೆನ್ನೆಯ ಪಕ್ಕ ಕೂದಲಿಗೆ ಕಟ್ಟುವ ಬೆಳ್ಳಿಯ ಗೊಂಚಲು. ಮದುವೆಯಲ್ಲಿ ಕಟ್ಟಿದ್ದನ್ನು ಗಂಡ ಸತ್ತಾಗಲೇ ಬಿಚ್ಚುವುದು. ಹೆಣ ಸಿಗದಿದ್ದರೂ ಗೋಮ್ಲಿ ತಾನೇ ಬಿಚ್ಚಿದ್ದಳು.

ಸಂಜೆ ಅವಳ ಅತ್ತೆ ಶಾಣಿಬಾಯಿ ಪೆಟ್ಟಿಗೆ ತೆರೆದಳು. ಗೋಮ್ಲಿ ಮದುವೆಗೆಂದು ನಾಲ್ಕು ವರ್ಷ ಕೂತು ಹೊಲಿದ ಕಾಂಚಳಿ ಹೊರಬಂತು. ಕವಡೆ, ಕೆಂಪು ಮಣಿ, ಉಗುರಗಲದ ಕನ್ನಡಿ. ಅಂಥ ರವಿಕೆ ನಮ್ಮ ತಾಂಡಾದಲ್ಲಿ ಇನ್ನೊಂದಿರಲಿಲ್ಲ.

"ಹಾಕ್ಕೊ ಮಗಳ. ಬೊಂಬಾಯ್ದಾಗ ಇದ್ರೂ ಇರಬಹುದು ನನ್ನ ಮಗ."

"ಯಾಡಿ, ನನ್ನವ್ವ, ನಾ ಹಾಕ್ಕೊಂಡ್ರ ಅವ ಓಡಿ ಹೋದಾವ ಆಗ್ತಾನ. ಆ ಫೋಟೋನೇ ಸಾಕ್ಷಿ ಆಗ್ತದ. ಆಮ್ಯಾಲ ಅವಗ ಮಣ್ಣು ಮಾಡೋರು ಯಾರು?"

ಮುದುಕಿ ಅಳತೊಡಗಿದಳು. ಕೇಳಲಾಗದೆ ನಾನು ಎದ್ದು ಬಂದೆ.

ಮರುದಿನ ಜೀಪು ಬಂತು. ನಾವು ಸಿಂಗರಿಸಿಕೊಂಡು ಸಾಲಾಗಿ ನಿಂತಿದ್ದೆವು, ಶಾಣಿಬಾಯಿಯೂ ಇದ್ದಳು. "ಎಂಥ ಕಲೆ!" ಎನ್ನುತ್ತ ಸಾಹೇಬರ ಹೆಂಡತಿ ಕೇಳದೆಯೇ ನನ್ನ ಎದೆಯ ಮೇಲಿನ ಕನ್ನಡಿ ಮುಟ್ಟಿ ನೋಡಿದಳು. ಮೈ ಉರಿಯಿತು. ಅಷ್ಟರಲ್ಲಿ ಗೋಮ್ಲಿ ಬಂದಳು, ಹಳೆಯ ಸೀರೆಯಲ್ಲಿ. ಕಾಂಚಳಿ, ಘುಗರಿ ಎರಡೂ ಕೈಯಲ್ಲಿದ್ದವು.

"ಹಾಕ್ಕೊಂಡು ಬಾ ಅಂದ್ರ ಹಿಡ್ಕೊಂಡು ಬಂದೀಯೇನ ಹಲ್ಕಟ್?" ಹಣಮಂತರಾಯ ಹಲ್ಲು ಕಡಿದ.

ಅವಳು ಅವನತ್ತ ನೋಡಲೇ ಇಲ್ಲ. "ನಾ ಹೊಲಿದದ್ದು ನೋಡ್ತೀರೇನ್ರಿ ಸಾಹೇಬ್ರ? ಬರ್ರಿ, ಇಲ್ಲಿ ತೋರಸ್ತೀನಿ."

ಸಾಹೇಬರು ಖುಷಿಯಿಂದಲೇ ಹಿಂದೆ ನಡೆದರು, ಅವರ ಹಿಂದೆ ನಮ್ಮ ಸಾಲೂ. ಪಡುವಣ ಮೂಲೆಯ ಕಲ್ಲುರಾಶಿಯ ಮೇಲೆ ಗೋಮ್ಲಿ ಕಾಂಚಳಿ ಹಾಸಿದಳು. ಅದರ ಮೇಲೆ ಘುಗರಿ ಇಟ್ಟಳು. ಫೋಟೋದವನು ಮಂಡಿಯೂರಿ, "ಚೆನ್ನಾಗಿ ಬರುತ್ತೆ ಸರ್" ಎಂದ.

"ಹೂಂ, ತೆಗೀರಿ. ಇದರ ಕೆಳಗ ನನ್ನ ಗಂಡ ಅದಾನ." ಅವಳು ಪಕ್ಕದಲ್ಲಿ ಬಿದ್ದಿದ್ದ ಹಾರೆ ಎತ್ತಿ ಮೊದಲ ಕಲ್ಲು ಮೀಟಿದಳು.

"ಹುಚ್ಚಿ ಅದಾಳ್ರಿ ಸರ್" ಎಂದು ನಗುತ್ತ ಹಣಮಂತರಾಯ ಅವಳ ರಟ್ಟೆ ಹಿಡಿದ. ನಮ್ಮ ಸಾಲಿನಿಂದ ಶಾಣಿಬಾಯಿ ಹೊರಬಂದಳು. ಅವನ ಕೈ ಬಿಡಿಸಿ ಆಚೆ ತಳ್ಳಿ, ಮೊಣಕಾಲೂರಿ, ಬರಿಗೈಯಲ್ಲಿ ಕಲ್ಲು ಸರಿಸತೊಡಗಿದಳು.

ನನ್ನ ಏಳು ಪುಟ್ಟಿ ಎಲ್ಲಿ ಬಿದ್ದಿದ್ದವೆಂದು ನನಗೆ ಗೊತ್ತಿತ್ತು. ನಾನು ಅಲ್ಲಿಂದ ಶುರು ಮಾಡಿದೆ.