ಬೋಳು ತಳ

“ತಲೆಯಲ್ಲಿರೋದು ಮಿದುಳೋ ಜೇಡಿಮಣ್ಣೋ? ತಳದಲ್ಲಿ ಹೆಸರು ಗೀಚ್ಬೇಡ ಅಂದಿದ್ನಲ್ಲೇ!”

ಅಮೆರಿಕದ ಸಾಂತಾ ಫೆ ಪಟ್ಟಣದ ತನ್ನ ಅಂಗಡಿಯ ಹಿಂಬಾಗಿಲಲ್ಲಿ ನಿಂತು ಥರ್ಮನ್ ಸಾಹೇಬ ಕರಿ ಗಡಿಗೆಯನ್ನು ನಾಯಿಮರಿಯ ಕತ್ತು ಹಿಡಿದಂತೆ ಎತ್ತಿ ತಿರುವಿದ. ಮುಂಬಾಗಿಲು ಗಿರಾಕಿಗಳಿಗೆ, ಮಡಿಕೆ ತರುವ ಪ್ವೆಬ್ಲೋ ಬುಡಕಟ್ಟಿನ ಹೆಂಗಸರಿಗೆ ಈ ಬಾಗಿಲು.

“ನನ್ ಗಡ್ಗೆ, ನನ್ ಹೆಸ್ರು. ತಪ್ಪೇನೈತೆ ಸಾಹೇಬ್ರೆ?” ಎಂದಳು ತ್ರಾಂಕಿಲೀನಾ.

“ನಿನ್ನ ಹೆಸರನ್ನ ಯಾವ ನಾಯಿ ಮೂಸುತ್ತೆ? ಮುಂದಿನ ಸಲ ತಳ ಬೋಳಾಗಿರ್ಲಿ. ಇಲ್ದಿದ್ರೆ ಈ ಕಡೆ ತಲೆ ಹಾಕ್ಬೇಡ.”

ಇಷ್ಟು ಉಗಿದವನು ಒಳಗೆ ಹೋಗಿ ಒಂದು ಲೋಟ ಕಾಫಿ ತಂದುಕೊಟ್ಟ. ಸಕ್ಕರೆ ಬೇರೆ ಹಾಕಿದ್ದ. ಬೈಗುಳಕ್ಕಿಂತ ಆ ಸಕ್ಕರೆಯೇ ಅವಳಿಗೆ ಗಂಟಲಲ್ಲಿ ಇಳಿಯಲಿಲ್ಲ.

ಊರಿಗೆ ಬಂದು, ಹಸಿ ಗಡಿಗೆಗೆ ಕೆಮ್ಮಣ್ಣು ಬಳಿದು ಕಲ್ಲಿನಿಂದ ಉಜ್ಜುತ್ತ ಕುಳಿತಳು. ಅಜ್ಜಿಯ ಅಜ್ಜಿ ಹಿಡಿದಿದ್ದ ಕಲ್ಲು. ತಾಯಿ ಪೆಟ್ರೋನೀಲಾ ಸಾಯುವಾಗ ಅದನ್ನು ಇವಳ ಅಂಗೈಗಿಟ್ಟು ಬೆರಳು ಮಡಚಿದ್ದಳು. ಪಕ್ಕದಲ್ಲಿ ಗಂಡ ಡೆಸಿಡೇರಿಯೋ ಸುಡುವುದಕ್ಕೆ ಬೆರಣಿ ಒಟ್ಟುತ್ತಿದ್ದ.

“ತಳ ಬೋಳಿದ್ರೆ ಆ ಕಳ್ಳನ್ಗೇನು ಲಾಬ ಅಂತೀನಿ?” ಎಂದಳು ತ್ರಾಂಕಿಲೀನಾ.

“ಬುಡಮ್ಮಿ ಅತ್ಲಾಗೆ. ಕೊಳ್ಳೋನು ಅವ್ನೊಬ್ನೇಯ. ಮಕ್ಳು ಉಣ್ಬ್ಯಾಡ್ವಾ?”

“ಹೆಸ್ರಿಡ್ದಲೇ ಬುಟ್ಟ ಕೂಸ್ನ ಕಂಡೋರೆಲ್ಲ ನಮ್ದು ಅಂತಾರೆ ಕಣಯ್ಯ.”

ಉಜ್ಜಿ ಮುಗಿದ ಗಡಿಗೆಗಳನ್ನು ಅವನು ಬೆರಣಿಯ ಗೂಡಿನೊಳಗಿಟ್ಟು ಬೆಂಕಿ ಹಚ್ಚಿದ. ಉರಿಯುವ ಗೂಡಿನ ಮೇಲೆ ಸಗಣಿಪುಡಿ ಸುರಿದ. ಹೊಗೆ ಒಳಗೇ ಸಿಕ್ಕಿಕೊಂಡು ಕೆಂಪು ಗಡಿಗೆಗಳನ್ನು ಕಪ್ಪು ಮಾಡಿತು. ಆ ಸಲದ ಗಡಿಗೆಗಳೆಲ್ಲ ಬೋಳು ತಳದಲ್ಲೇ ಅಂಗಡಿ ಸೇರಿದವು.

ಆದರೆ ಅನುಮಾನ ಅವಳನ್ನು ಬಿಡಲಿಲ್ಲ. ಚಳಿಗಾಲ ಕಾಲಿಟ್ಟ ಮೇಲೆ ಒಂದು ದಿನ ಶಾಲು ಹೊದ್ದು ನೇರ ಮುಂಬಾಗಿಲಿನಿಂದಲೇ ಅಂಗಡಿಗೆ ನುಗ್ಗಿದಳು. ತುಪ್ಪಳದ ಟೋಪಿಯ ದೊರೆಸಾನಿಯೊಬ್ಬಳು ಕರಡಿಪಾದ ಕೆತ್ತಿದ ಗಡಿಗೆಯೊಂದನ್ನು ಬೋರಲು ಹಿಡಿದು ನೋಡುತ್ತಿದ್ದಳು. ಪಾದದ ಒಂದು ಬೆರಳು ಸೊಟ್ಟ. ತ್ರಾಂಕಿಲೀನಾ ಕೆತ್ತುವಾಗ ಮಗಳು ಅವಳ ಮೊಣಕೈಗೆ ತಾಗಿ ಆದದ್ದು. ಬೋಳು ತಳದಲ್ಲಿ ಈಗ ಹೊಸದಾಗಿ ಗೀಚಿದ ಹೆಸರಿತ್ತು: ಪೆಟ್ರೋನೀಲಾ.

“ಸತ್ತುಹೋದ ಆ ಹೆಸರಾಂತ ಮುದುಕಿಯ ಕೊನೇ ಗಡಿಗೆ ಅಮ್ಮಾವ್ರೇ,” ಎನ್ನುತ್ತಿದ್ದ ಥರ್ಮನ್. “ಇಂಥದ್ದು ಇನ್ನು ಹುಟ್ಟಲ್ಲ.”

“ನಮ್ಮವ್ವ ಮಣ್ಣಾಗಿ ಯಾವ್ ಕಾಲಾಯ್ತು! ಇದು ಮೊನ್ನೆ ಬ್ಯಾಸ್ಗೇಲಿ ನಾನ್ ಸುಟ್ಟಿದ್ದು!”

“ಕುಡ್ದು ಬಂದಿದ್ದಾಳೆ. ನಡಿಯೇ ಹಿಂದಕ್ಕೆ, ಕೊಳಕು ಮುಂಡೆ!”

ದೊರೆಸಾನಿ ಮೂಗಿಗೆ ಕರವಸ್ತ್ರ ಹಿಡಿದು, ಗಡಿಗೆಯನ್ನು ಮೇಜಿನ ಮೇಲಿಟ್ಟು ಸರಿದು ನಿಂತಳು.

“ಅವ್ವ ಬದ್ಕಿದ್ದಾಗ ಹೊಸ್ಲು ತುಳ್ಯಕ್ಕೆ ಬುಡ್ನಿಲ್ಲ. ಸತ್ತ ಮ್ಯಾಕೆ ಅವ್ಳ ಹೆಸ್ರು ಮಾರ್ಕೊಂಡ್ ತಿಂತೀಯೇನೋ ಬೇವರ್ಸಿ!”

ತ್ರಾಂಕಿಲೀನಾ ಗಡಿಗೆ ಎತ್ತಿಕೊಂಡಳು. ಮನೆಯಲ್ಲಿ ಕೂರುವ ಹಾಗೆ ಅಂಗಡಿಯ ನಟ್ಟನಡುವೆ ಕಾಲು ಚಾಚಿ ಕುಳಿತಳು. ಶಾಲಿನ ಪಿನ್ನು ಕಿತ್ತು, ತಳದಲ್ಲಲ್ಲ, ಕನ್ನಡಿಯಂತೆ ಹೊಳೆಯುವ ಹೊಟ್ಟೆಯ ಮೇಲೆ ತನ್ನ ಹೆಸರು ಕೊರೆಯತೊಡಗಿದಳು. ತಾನೇ ತಂದ ಹೊಳಪು ಕರಕರ ಹರಿಯುವಾಗ ಅವಳ ಹಲ್ಲು ಜುಮ್ಮೆಂದಿತು. ಕೈ ನಿಲ್ಲಲಿಲ್ಲ.

ಥರ್ಮನ್ ಬೀದಿಗೋಡಿ ಪೊಲೀಸರನ್ನು ಕೂಗಿದ. ಅವರ ಬೂಟಿನ ಸದ್ದು ಬಾಗಿಲಿಗೆ ಬರುವ ಹೊತ್ತಿಗೆ ಅವಳು ಕಪಾಟಿನ ಇನ್ನೊಂದು ಗಡಿಗೆಯನ್ನು ಮಡಿಲಿಗೆ ಎಳೆದುಕೊಂಡು ಮೊದಲ ಅಕ್ಷರ ಕೊರೆಯುತ್ತಿದ್ದಳು.